ಹೈನುಗಾರಿಕೆಯೂ ವೈರಾಣುರೋಗಗಳೂ: ಲೆಕ್ಕಕ್ಕೆ ಬಾರದ ನಷ್ಟದ ಸಮೀಕ್ಷೆ

ರಾಸುಗಳಿಗೆ ತಗಲುವ ಸಾಂಕ್ರಾಮಿಕ ರೋಗಗಳ ವಿಚಾರವನ್ನು ಸತ್ತ ರಾಸುಗಳ ಎಣಿಕೆಯಿಂದ ಆರಂಭಿಸುವುದು ನಮ್ಮಲ್ಲಿ ಬಹುಕಾಲದ ವಾಡಿಕೆ. ಮರಣವು ಕಣ್ಣಿಗೆ ಕಾಣತಕ್ಕದ್ದು, ಪಂಚನಾಮೆಗೆ ಒಳಪಡತಕ್ಕದ್ದು, ಪರಿಹಾರದ ಅರ್ಜಿಯಲ್ಲಿ ಒಂದು ಸಾಲಾಗಿ ನಮೂದಾಗತಕ್ಕದ್ದು. ಆದಕಾರಣ ಸರ್ಕಾರದ ಕಡತವೂ ಪತ್ರಿಕೆಯ ವರದಿಯೂ ಅದನ್ನೇ ನಷ್ಟದ ಅಳತೆಗೋಲಾಗಿ ಹಿಡಿಯುವುದು ಸಹಜವೇ ಸರಿ. ಆದರೆ ಹೈನನ್ನು ನಂಬಿ ಬಾಳುವ ಸಂಸಾರಗಳ ಆಯವ್ಯಯವನ್ನು ಸಾವಧಾನವಾಗಿ ಪರಿಶೀಲಿಸಿದವರಿಗೆ ತೋರಿಬರುವ ಚಿತ್ರವೇ ಬೇರೆ. ರೋಗದಿಂದ ಚೇತರಿಸಿಕೊಂಡು, ಕೊಟ್ಟಿಗೆಯಲ್ಲಿ ನಿಂತು, ಮೊದಲಿನಷ್ಟೇ ಮೇವು ತಿಂದು, ಮೊದಲಿಗಿಂತ ಎಷ್ಟೋ ಕಡಿಮೆ ಹಾಲು ಕರೆದು, ಬೆದೆಗೆ ಬಂದರೂ ಗಬ್ಬ ಕಟ್ಟದೆ ವರ್ಷವನ್ನು ಕಳೆಯುವ ಹಸುವಿನ ದೆಸೆಯಿಂದ ಒದಗುವ ನಷ್ಟವು ಯಾವ ಕಡತದಲ್ಲಿಯೂ ದಾಖಲಾಗುವುದಿಲ್ಲ. ಆದರೂ ಒಟ್ಟು ಮೊತ್ತದಲ್ಲಿ ಅದೇ ಹಿರಿದು. ಹೈನುರಾಸುಗಳನ್ನು ಬಾಧಿಸುವ ಮುಖ್ಯ ವೈರಾಣುರೋಗಗಳನ್ನು ಒಂದೊಂದಾಗಿ ಅವಲೋಕಿಸಿ, ಅವುಗಳ ಭಾರವು ಯಾರ ಮೇಲೆ, ಯಾವ ರೂಪದಲ್ಲಿ ಬೀಳುತ್ತದೆಂಬುದನ್ನು ವಿಚಾರಮಾಡುವುದು ಈ ಲೇಖನದ ಉದ್ದೇಶ.

ಮೊದಲು ಹೈನುಗಾರಿಕೆಯ ಸ್ವರೂಪವನ್ನು ಕುರಿತು ಎರಡು ಮಾತು ಹೇಳುವುದು ಅವಶ್ಯ. 2019ರ ಜಾನುವಾರು ಗಣತಿಯ ಪ್ರಕಾರ ಭಾರತದಲ್ಲಿ ಸುಮಾರು 19 ಕೋಟಿ 25 ಲಕ್ಷ ದನಗಳೂ ಸುಮಾರು 11 ಕೋಟಿ ಎಮ್ಮೆಗಳೂ ಇದ್ದವು. ಕರ್ನಾಟಕದ ಪಾಲಿಗೆ ದನಗಳು ಸುಮಾರು 85 ಲಕ್ಷ, ಎಮ್ಮೆಗಳು ಸುಮಾರು 30 ಲಕ್ಷ. ಈ ಅಪಾರ ಸಂಪತ್ತು ದೊಡ್ಡ ದೊಡ್ಡ ಹಿಂಡುಗಳಲ್ಲಿ ಇಲ್ಲ. ಒಂದು, ಎರಡು, ಹೆಚ್ಚೆಂದರೆ ನಾಲ್ಕು ರಾಸುಗಳನ್ನು ಕಟ್ಟಿದ ಲಕ್ಷಾಂತರ ಮನೆಗಳಲ್ಲಿ ಹಂಚಿಹೋಗಿದೆ. 1970ರ ದಶಕದಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ನಮ್ಮ ರಾಜ್ಯದಲ್ಲಿ ಗ್ರಾಮೀಣ ಹಾಲು ಉತ್ಪಾದಕರ ಸಹಕಾರ ಸಂಘಗಳು ಹಬ್ಬಲಾರಂಭಿಸಿದ ಮೇಲೆ, ದಿನಕ್ಕೆರಡು ಬಾರಿ ಡೈರಿಗೆ ಹಾಲು ಹಾಕಿ, ಜಿಡ್ಡಿನ ಅಂಶಕ್ಕೂ ಜಿಡ್ಡೇತರ ಘನಾಂಶಕ್ಕೂ ತಕ್ಕಂತೆ ಬಟವಾಡೆ ಪಡೆಯುವ ಪದ್ಧತಿಯು, ಮಳೆಯನ್ನೂ ಕೊಳವೆಬಾವಿಯನ್ನೂ ನೆಚ್ಚಿ ಸೋತ ಕೋಲಾರ, ಚಿಕ್ಕಬಳ್ಳಾಪುರಗಳಂಥ ಬಯಲುಸೀಮೆಯ ಜಿಲ್ಲೆಗಳಲ್ಲಿ ಬೇಸಾಯಕ್ಕಿಂತಲೂ ಭದ್ರವಾದ ಆದಾಯಮಾರ್ಗವಾಗಿ ನಿಂತಿತು. ಬೆಳೆಯ ಹಣವು ವರ್ಷಕ್ಕೊಮ್ಮೆ ಬರತಕ್ಕದ್ದು. ಹಾಲಿನ ಹಣವು ಹದಿನೈದು ದಿನಕ್ಕೊಮ್ಮೆಯೋ ವಾರಕ್ಕೊಮ್ಮೆಯೋ ಕೈಸೇರತಕ್ಕದ್ದು. ಅಂಗಡಿಯ ಸಾಲ, ಮಕ್ಕಳ ಶಾಲೆಯ ಖರ್ಚು, ಸ್ತ್ರೀಶಕ್ತಿ ಸಂಘದ ಕಂತು ಇವೆಲ್ಲವೂ ಆ ಹಣಕ್ಕೆ ಹೊಂದಿಕೊಂಡು ನಿಂತಿರುವುದರಿಂದ, ಎರಡು ವಾರ ಹಾಲು ನಿಂತರೆ ಸಂಸಾರದ ಚಕ್ರವೇ ನಿಂತಂತಾಗುತ್ತದೆ.

ವೈರಾಣುರೋಗದ ಆರ್ಥಿಕ ಶಕ್ತಿಯನ್ನು ಜಗತ್ತಿಗೆ ಮೊದಲು ಮನವರಿಕೆ ಮಾಡಿಕೊಟ್ಟುದು ದೊಡ್ಡರೋಗ. ಜ್ವರ, ಬಾಯಿಹುಣ್ಣು, ತಡೆಯಿಲ್ಲದ ಭೇದಿ, ಒಂದೆರಡು ವಾರಗಳೊಳಗಾಗಿ ಮರಣ ಎಂಬ ಕ್ರಮದಲ್ಲಿ ಹಿಂಡುಗಳನ್ನೇ ಬರಿದುಮಾಡುತ್ತಿದ್ದ ಈ ವ್ಯಾಧಿಯ ಭೀತಿಯಿಂದಲೇ ಫ್ರಾನ್ಸಿನ ಲಿಯಾನ್ ನಗರದಲ್ಲಿ 1761ರಲ್ಲಿ ಯುರೋಪಿನ ಪ್ರಥಮ ಪಶುವೈದ್ಯ ಶಾಲೆಯು ಹುಟ್ಟಿತು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಎರಿಟ್ರಿಯದ ಮೂಲಕ ಆಫ್ರಿಕಾ ಖಂಡವನ್ನು ಹೊಕ್ಕ ಅದೇ ರೋಗವು ಹತ್ತು ವರ್ಷಗಳೊಳಗಾಗಿ ದಕ್ಷಿಣದ ತುದಿಯನ್ನು ಮುಟ್ಟಿ, ಪೂರ್ವ ಮತ್ತು ದಕ್ಷಿಣ ಭಾಗಗಳ ದನಗಳಲ್ಲಿ ಬಹುಪಾಲನ್ನು ಆಹುತಿ ತೆಗೆದುಕೊಂಡಿತು. ಉಳಲು ಎತ್ತಿಲ್ಲದೆ, ಕುಡಿಯಲು ಹಾಲಿಲ್ಲದೆ ಇಥಿಯೋಪಿಯದಲ್ಲಿ ಘೋರ ಕ್ಷಾಮವು ತಲೆದೋರಿತು, ಮಾಸಾಯಿಗಳಂಥ ಪಶುಪಾಲಕ ಜನಾಂಗಗಳು ನಿರ್ಗತಿಕವಾದುವು. ಭಾರತದಲ್ಲಿಯೂ ಈ ರೋಗದ ಉಪದ್ರವವನ್ನು ವಿಚಾರಿಸಲು ನೇಮಕವಾದ ಆಯೋಗವು 1871ರಲ್ಲಿ ವರದಿಯನ್ನೊಪ್ಪಿಸಿತು. 1889ರಲ್ಲಿ ಪುಣೆಯಲ್ಲಿ ಸ್ಥಾಪಿತವಾಗಿ ಅನಂತರ ಹಿಮಾಲಯದ ತಪ್ಪಲಿನ ಮುಕ್ತೇಶ್ವರಕ್ಕೆ ಸ್ಥಳಾಂತರಗೊಂಡ ಪ್ರಯೋಗಾಲಯವು ಇದರ ಅಧ್ಯಯನವನ್ನೇ ಮುಖ್ಯ ಕಾರ್ಯವಾಗಿ ಕೈಗೊಂಡಿತು. ಮೈಸೂರು ಸಂಸ್ಥಾನವು ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1925ರಲ್ಲಿ, ಬೆಂಗಳೂರಿನಲ್ಲಿ ಸೀರಂ ಸಂಸ್ಥೆಯನ್ನು ತೆರೆದುದೂ ದೊಡ್ಡರೋಗದ ನಿವಾರಣೆಗಾಗಿಯೇ. ಹೆಬ್ಬಾಳದಲ್ಲಿ ಇಂದು ಲಸಿಕೆಗಳನ್ನು ತಯಾರಿಸುತ್ತಿರುವ ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆಯು ಅದರ ಮುಂದುವರಿಕೆ.

ಮುಕ್ತೇಶ್ವರದಲ್ಲಿ 1920ರ ದಶಕದಲ್ಲಿ ಎಡ್ವರ್ಡ್ಸ್ ಎಂಬ ವಿಜ್ಞಾನಿಯು ಆಡಿನ ಮೈಯಲ್ಲಿ ಹಾಯಿಸಿ ಹಾಯಿಸಿ ಸೌಮ್ಯಗೊಳಿಸಿದ ವೈರಾಣುವಿನಿಂದ ಸಿದ್ಧವಾದ ಲಸಿಕೆಯನ್ನು ಆಧಾರವಾಗಿಟ್ಟುಕೊಂಡು, ಸ್ವತಂತ್ರ ಭಾರತವು 1954ರಲ್ಲಿ ದೊಡ್ಡರೋಗ ನಿರ್ಮೂಲನ ಯೋಜನೆಯನ್ನು ಆರಂಭಿಸಿತು. ನಾಲ್ಕು ದಶಕಗಳ ಪರಿಶ್ರಮದ ತರುವಾಯ 1995ರಲ್ಲಿ ದೇಶದ ಕಟ್ಟಕಡೆಯ ಪ್ರಕರಣವು ವರದಿಯಾಯಿತು. 2011ರಲ್ಲಿ ಇಡೀ ಪ್ರಪಂಚವೇ ಈ ರೋಗದಿಂದ ಮುಕ್ತವಾಯಿತೆಂದು ಘೋಷಿಸಲಾಯಿತು. ಮನುಷ್ಯಪ್ರಯತ್ನದಿಂದ ಭೂಮಿಯ ಮೇಲಿನಿಂದ ಅಳಿದ ರೋಗಗಳಲ್ಲಿ ಸಿಡುಬಿನ ನಂತರ ಇದೇ ಎರಡನೆಯದು. ಈ ಇತಿಹಾಸವನ್ನು ಇಷ್ಟು ವಿಸ್ತರಿಸಿ ಹೇಳಲು ಕಾರಣವುಂಟು. ದೊಡ್ಡರೋಗವು ಕೊಲ್ಲುವ ರೋಗ. ಅದರ ನಷ್ಟವು ಪ್ರತ್ಯಕ್ಷವಾಗಿದ್ದುದರಿಂದ ಅದನ್ನು ಅಳಿಸುವ ಸಂಕಲ್ಪವೂ ದೃಢವಾಗಿತ್ತು. ಒಂದೇ ಬಗೆಯ ವೈರಾಣು, ಒಮ್ಮೆ ಹಾಕಿದರೆ ಬಹುಕಾಲ ಕಾಯುವ ಲಸಿಕೆ, ಬದುಕಿ ಉಳಿದ ರಾಸು ಮತ್ತೆ ರೋಗವನ್ನು ಹರಡದಿರುವ ಗುಣ ಇವೆಲ್ಲವೂ ಆ ಸಂಕಲ್ಪಕ್ಕೆ ಅನುಕೂಲವಾಗಿ ಒದಗಿಬಂದುವು. ಅದರ ಸ್ಥಾನದಲ್ಲಿ ಈಗ ಅಗ್ರಪೀಠವನ್ನೇರಿರುವ ಕಾಲುಬಾಯಿ ಜ್ವರಕ್ಕೆ ಈ ಅನುಕೂಲಗಳಲ್ಲಿ ಒಂದೂ ಇಲ್ಲ.

ಕಾಲುಬಾಯಿ ಜ್ವರದ ಕಾರಣವು ಸೋಸುಕದ ಸೂಕ್ಷ್ಮರಂಧ್ರಗಳನ್ನೂ ದಾಟಿಹೋಗುವ ವಸ್ತುವೆಂದು ಜರ್ಮನಿಯ ಲೋಫ್ಲರ್ ಮತ್ತು ಫ್ರೋಶ್ ಎಂಬವರು 1898ರಲ್ಲಿ ತೋರಿಸಿಕೊಟ್ಟರು; ಪ್ರಾಣಿಗಳ ವೈರಾಣುಗಳ ಪೈಕಿ ಮನುಷ್ಯನ ಅರಿವಿಗೆ ಬಂದ ಮೊತ್ತಮೊದಲನೆಯದು ಇದು. ಇದರಲ್ಲಿ ಏಳು ಪ್ರಭೇದಗಳಿವೆ. ನಮ್ಮ ದೇಶದಲ್ಲಿ ಈಗ ಓಡಾಡುತ್ತಿರುವುವು ಓ, ಎ ಮತ್ತು ಏಷ್ಯಾ-1 ಎಂಬ ಮೂರು. ಒಂದರ ವಿರುದ್ಧ ಬಂದ ರಕ್ಷಣೆಯು ಇನ್ನೊಂದಕ್ಕೆ ಸಲ್ಲುವುದಿಲ್ಲ. ಲಸಿಕೆಯ ಬಲವು ಆರು ತಿಂಗಳಿಗೆ ಕುಂದುತ್ತದೆ. ಗುಣಹೊಂದಿದ ರಾಸಿನ ಗಂಟಲಲ್ಲಿ ವೈರಾಣುವು ತಿಂಗಳುಗಟ್ಟಲೆ ಅಡಗಿರಬಲ್ಲದು. ರೋಗ ತಗಲಿದ ಹಸುವು ಬಾಯಿ ಚಪ್ಪರಿಸುತ್ತ, ಮಾರುದ್ದ ಜೊಲ್ಲು ಸುರಿಸುತ್ತ, ಒಂದು ಕಾಲನ್ನು ಬಿಟ್ಟು ಇನ್ನೊಂದನ್ನು ಝಾಡಿಸುತ್ತ ನಿಲ್ಲುತ್ತದೆ. ನಾಲಗೆಯ ಮೇಲೂ ಗೊರಸಿನ ಸಂದಿಯಲ್ಲೂ ಮೊಲೆತೊಟ್ಟಿನಲ್ಲೂ ಎದ್ದ ಬೊಕ್ಕೆಗಳು ಒಡೆದು ಹುಣ್ಣಾಗುತ್ತವೆ. ಮನೆಯ ಹೆಂಗಸು ಹುಲ್ಲನ್ನು ಬದಿಗಿಟ್ಟು ರಾಗಿಯ ಅಂಬಲಿಯನ್ನು ಕಾಯಿಸಿ ಕುಡಿಸುತ್ತಾಳೆ, ಗೊರಸಿಗೆ ಹುಳು ಬೀಳದಂತೆ ಬೇವಿನೆಣ್ಣೆಯನ್ನು ಸವರುತ್ತಾಳೆ. ತೊಟ್ಟನ್ನು ಮುಟ್ಟಿದರೆ ಒದೆಯುವ ಹಸುವನ್ನು ಕರೆಯಲಾರದೆ ಬಿಟ್ಟರೆ ಕೆಚ್ಚಲುಬಾವು ಬರುತ್ತದೆ, ಬಲವಂತವಾಗಿ ಕರೆದರೆ ರಕ್ತ ಬರುತ್ತದೆ. ವಯಸ್ಕ ರಾಸುಗಳಲ್ಲಿ ಸಾಯುವುವು ಬಹುಮಟ್ಟಿಗೆ ಕಡಿಮೆ. ಎಳೆಗರುಗಳು ಮಾತ್ರ ಹೃದಯದ ಸ್ನಾಯುವಿಗೇ ರೋಗ ತಟ್ಟಿ ಹಠಾತ್ತನೆ ಬೀಳುತ್ತವೆ.

ಇನ್ನು ಹಣದ ಲೆಕ್ಕ. ಒಂದು ಉದಾಹರಣೆಯನ್ನು ಊಹಿಸಿಕೊಂಡು ಎಣಿಸಿ ನೋಡೋಣ. ದಿನಕ್ಕೆ 10 ಲೀಟರ್ ಕರೆಯುತ್ತಿದ್ದ ಮಿಶ್ರತಳಿಯ ಹಸುವೊಂದು ರೋಗದ ಮೊದಲ 15 ದಿನ 3 ಲೀಟರಿಗೆ ಇಳಿದು, ಮುಂದಿನ 45 ದಿನ 7 ಲೀಟರಿನಲ್ಲಿ ನಿಂತಿತೆನ್ನಿ. ಹೋದ ಹಾಲು 240 ಲೀಟರ್, ಲೀಟರಿಗೆ 35 ರೂಪಾಯಿಯಂತೆ 8,400 ರೂಪಾಯಿ. ಇದು ಡೈರಿಯ ಪುಸ್ತಕವನ್ನು ತಿರುವಿಹಾಕಿದರೆ ಕಾಣುವ ನಷ್ಟ. ಬಳಿಕ ಆ ಹಸುವು ಜ್ವರದ ದೆಸೆಯಿಂದ ಕಂದುಹಾಕಿತೆಂದೋ, ನಾಲ್ಕು ಬೆದೆಗಳಲ್ಲಿ ಗರ್ಭಧಾರಣೆ ಮಾಡಿಸಿದರೂ ನಿಲ್ಲಲಿಲ್ಲವೆಂದೋ ಇಟ್ಟುಕೊಳ್ಳೋಣ. ಬೆದೆಯು ಇಪ್ಪತ್ತೊಂದು ದಿನಕ್ಕೊಮ್ಮೆ ಬರತಕ್ಕದ್ದಾದುದರಿಂದ ನಾಲ್ಕು ಸಲ ತಪ್ಪಿದರೆ ಮುಂದಿನ ಕರುವು ಸುಮಾರು ಮೂರು ತಿಂಗಳು ಹಿಂದೆ ಬೀಳುತ್ತದೆ; ಹಾಲು ಬತ್ತಿದ ಆ 90 ದಿನ ದಿನಕ್ಕೆ 100 ರೂಪಾಯಿಯ ಮೇವು, ಹಿಂಡಿ ಎಂದು ಹಿಡಿದರೂ 9,000 ರೂಪಾಯಿ ಹೋಯಿತು. ಕಾಣದ ನಷ್ಟವು ಕಂಡ ನಷ್ಟವನ್ನು ಆಗಲೇ ಮೀರಿತು. ಇವೆರಡಕ್ಕೂ ಔಷಧಿಯ ವೆಚ್ಚ, ಆರೈಕೆಗಾಗಿ ಬಿಟ್ಟ ಕೂಲಿ, ರೋಗ ಕಂಡ ಹಸುವೆಂದು ಸಂತೆಯಲ್ಲಿ ಇಳಿದ ಬೆಲೆ, ಬಿಸಿಲನ್ನು ತಾಳಲಾರದೆ ವರ್ಷವಿಡೀ ಏದುಸಿರು ಬಿಡುವ ಹಸುವಿನ ಕುಗ್ಗಿದ ಕಸುವು ಇವನ್ನು ಕೂಡಿಸಿಕೊಂಡರೆ, ಒಂದೂ ರಾಸು ಸಾಯದ ಮನೆಯಲ್ಲಿಯೂ ನಷ್ಟವು ಎಷ್ಟೆಂಬುದು ಊಹೆಗೆ ನಿಲುಕೀತು. ಎತ್ತಿಗೆ ಈ ಜ್ವರ ಬಂದರಂತೂ, ಅದು ಉಳುಮೆಯ ಹಂಗಾಮಿನಲ್ಲಿ ಬಂದಿತಾದರೆ, ಹೊಲವೇ ಬೀಳುಬಿದ್ದೀತು.

ಈ ಸಣ್ಣ ಲೆಕ್ಕವನ್ನು ದೇಶಕ್ಕೆ ವಿಸ್ತರಿಸಿದವರು ಕಾಲುಬಾಯಿ ಜ್ವರದಿಂದ ಭಾರತಕ್ಕಾಗುವ ನೇರನಷ್ಟವು ವರ್ಷಕ್ಕೆ 20,000 ಕೋಟಿ ರೂಪಾಯಿಗಳ ಆಸುಪಾಸಿನಲ್ಲಿದೆಯೆಂದು ಅಂದಾಜುಮಾಡಿದ್ದಾರೆ. ರೋಗವು ನೆಲೆಯೂರಿರುವ ಎಲ್ಲ ದೇಶಗಳ ಉತ್ಪಾದನಾನಷ್ಟವನ್ನೂ ಲಸಿಕೆಯ ವೆಚ್ಚವನ್ನೂ ಕೂಡಿಸಿ, ವಾರ್ಷಿಕ ಮೊತ್ತವು 650 ಕೋಟಿಯಿಂದ 2,100 ಕೋಟಿ ಡಾಲರುಗಳವರೆಗೆ ಇರಬಹುದೆಂದು 2013ರಲ್ಲಿ ಪ್ರಕಟವಾದ ಒಂದು ಅಂತರರಾಷ್ಟ್ರೀಯ ಅಧ್ಯಯನವು ತಿಳಿಸಿತು. ಇಷ್ಟು ಅಗಲವಾದ ಅಂತರವೇ ಅಳತೆಯ ಕಷ್ಟಕ್ಕೆ ಸಾಕ್ಷಿ. ಅದೇ 2013ರ ಉತ್ತರಾರ್ಧದಲ್ಲಿ ಕರ್ನಾಟಕದ ದಕ್ಷಿಣ ಜಿಲ್ಲೆಗಳಲ್ಲಿ ಈ ಜ್ವರವು ಭುಗಿಲೆದ್ದು ಸಾವಿರಾರು ರಾಸುಗಳನ್ನು ಕೊಂದಿತು. ಹಳ್ಳಿಕಾರ್, ಮಲೆನಾಡು ಗಿಡ್ಡದಂಥ ನಾಟಿ ತಳಿಗಳು ಈ ಜ್ವರವನ್ನು ಹೇಗೋ ತಾಳಿಕೊಂಡು ಏಳುತ್ತವೆ. ಹಾಲಿನ ಆಸೆಯಿಂದ ಸಾಲಮಾಡಿ ತಂದ ಹೋಲ್‌ಸ್ಟೀನ್, ಜರ್ಸಿ ಮಿಶ್ರತಳಿಗಳೇ ಹೆಚ್ಚಾಗಿ ನೆಲಹಿಡಿಯುತ್ತವೆ. ಉತ್ಪಾದನೆಯನ್ನು ಹೆಚ್ಚಿಸಿದ ನೀತಿಯೇ ಅಪಾಯವನ್ನೂ ಹೆಚ್ಚಿಸಿತೆಂಬುದು ಇಲ್ಲಿ ಗಮನಿಸತಕ್ಕ ಸಂಗತಿ. ಅಧಿಕ ಬೆಲೆಯ ಹಸುವನ್ನು ಹಂಚಿದ ವ್ಯವಸ್ಥೆಯು ಅದಕ್ಕೆ ಸಮನಾದ ರೋಗರಕ್ಷಣೆಯನ್ನು ಜೊತೆಯಲ್ಲಿಯೇ ಕೊಡಬೇಕಾಗಿತ್ತು.

ಚರ್ಮಗಂಟು ರೋಗದ ಚರಿತ್ರೆ ಇದಕ್ಕಿಂತ ಭಿನ್ನವಾದುದು. 1929ರಲ್ಲಿ ಇಂದಿನ ಜಾಂಬಿಯಾದಲ್ಲಿ ಪ್ರಥಮವಾಗಿ ಗುರುತಿಸಲ್ಪಟ್ಟ ಈ ರೋಗವು ಆರು ದಶಕಗಳ ಕಾಲ ಆಫ್ರಿಕಾ ಖಂಡದೊಳಗೇ ಉಳಿದಿದ್ದು, ಅನಂತರ ಪಶ್ಚಿಮ ಏಷ್ಯಾವನ್ನು ದಾಟಿ, 2019ರಲ್ಲಿ ಬಾಂಗ್ಲಾದೇಶವನ್ನೂ ಒಡಿಶಾವನ್ನೂ ಮುಟ್ಟಿತು. ಇದರ ವಾಹಕಗಳು ಸೊಳ್ಳೆ, ಕಚ್ಚುವ ನೊಣ, ಉಣ್ಣೆಗಳಾದುದರಿಂದ ಬೇಲಿಯಾಗಲಿ ಗಡಿಯಾಗಲಿ ಇದನ್ನು ತಡೆಯಲಿಲ್ಲ. 2022ರಲ್ಲಿ ಗುಜರಾತು, ರಾಜಸ್ಥಾನಗಳಲ್ಲಿ ಉಗ್ರರೂಪ ತಾಳಿ, ದೇಶದಲ್ಲಿ ಒಟ್ಟು ಒಂದೂವರೆ ಲಕ್ಷಕ್ಕೂ ಹೆಚ್ಚು ರಾಸುಗಳ ಮರಣಕ್ಕೆ ಕಾರಣವಾಯಿತು. ಕರ್ನಾಟಕದಲ್ಲಿಯೂ ಅದೇ ವರ್ಷ ದನಗಳ ಸಂತೆಗಳಿಗೂ ಜಾತ್ರೆಗಳಿಗೂ ನಿರ್ಬಂಧ ಬಿದ್ದಿತು. ಜಾತ್ರೆಯೆಂದರೆ ದೇವರ ಉತ್ಸವದ ನೆಪದಲ್ಲಿ ಸೇರುವ ಬಂಡವಾಳದ ಪೇಟೆ. ಎತ್ತನ್ನು ಮಾರಿ ಹಸುವನ್ನು ಕೊಳ್ಳುವವನಿಗೂ, ಮದುವೆಯ ಖರ್ಚಿಗೆ ಜೋಡಿಯನ್ನು ಹೊಡೆದುಕೊಂಡು ಬಂದವನಿಗೂ ಆ ವರ್ಷ ಬಾಗಿಲು ಮುಚ್ಚಿತು. ರೋಗ ಮುಟ್ಟದ ಮನೆಗೂ ರೋಗದ ನಷ್ಟ ತಟ್ಟುವುದಕ್ಕೆ ಇದೊಂದು ನಿದರ್ಶನ. ವೀಳ್ಯದೆಲೆ, ಮೆಣಸು, ಉಪ್ಪು, ಬೆಲ್ಲಗಳನ್ನು ಅರೆದು ತಿನ್ನಿಸುವ ಮನೆಮದ್ದಿಗೆ ಜನರು ಮೊರೆಹೋದರು. ಇಲಾಖೆಯು ಆಡಿನ ಸಿಡುಬಿನ ಲಸಿಕೆಯನ್ನು ಈ ರೋಗಕ್ಕೂ ಬಳಸಿತು. ಹಿಸ್ಸಾರ್ ಮತ್ತು ಇಜ್ಜತ್‌ನಗರಗಳ ಸಂಶೋಧನಾಲಯಗಳು ಕೂಡಿ ಸ್ವದೇಶಿ ಲಸಿಕೆಯೊಂದನ್ನು ಅದೇ ವರ್ಷದ ಆಗಸ್ಟಿನಲ್ಲಿ ಹೊರತಂದುವು.

ಉಳಿದ ರೋಗಗಳನ್ನು ಸಂಕ್ಷೇಪವಾಗಿ ಹೇಳಬಹುದು. ಮೂರುದಿನದ ಜ್ವರವು ಹೆಸರಿಗೆ ತಕ್ಕಂತೆ ಬೇಗನೆ ಬಿಡತಕ್ಕದ್ದಾದರೂ ತುಂಬುಹಾಲಿನ ಹಸುವಿನ ಇಳುವರಿಯನ್ನು ಆ ಸೂಲಿನ ಮಟ್ಟಿಗೆ ಕುಗ್ಗಿಸಿಹೋಗುತ್ತದೆ. ಹರ್ಪಿಸ್ ವರ್ಗದ ವೈರಾಣುವಿನಿಂದ ಬರುವ ಶ್ವಾಸನಾಳದ ರೋಗವು ಮೇಲೆ ನೆಗಡಿಯಂತೆ ಕಂಡು ಒಳಗೆ ಗರ್ಭಪಾತಕ್ಕೆ ಕಾರಣವಾಗುತ್ತದೆ, ವೀರ್ಯದ ಮೂಲಕವೂ ಹರಡಬಲ್ಲದು. ಆದಕಾರಣ ಕೃತಕ ಗರ್ಭಧಾರಣೆಯ ಹೋರಿಗಳ ಪರೀಕ್ಷೆಯು ಕಡ್ಡಾಯವಾಗಬೇಕಾದ ವಿಷಯ. 2024ರಲ್ಲಿ ಅಮೆರಿಕಾದ ಹೈನುಹಿಂಡುಗಳಲ್ಲಿ ಹಕ್ಕಿಜ್ವರದ ವೈರಾಣುವು ಕಾಣಿಸಿಕೊಂಡು ಹಾಲನ್ನು ಇಳಿಸಿದುದು, ಹೊಸ ಶತ್ರುಗಳು ಅನಿರೀಕ್ಷಿತ ದಿಕ್ಕಿನಿಂದ ಬರಬಹುದೆಂಬುದಕ್ಕೆ ಎಚ್ಚರಿಕೆ.

ನಷ್ಟವು ಎಲ್ಲರ ಮೇಲೂ ಸಮನಾಗಿ ಬೀಳುವುದಿಲ್ಲವೆಂಬುದನ್ನು ಇಲ್ಲಿ ಒತ್ತಿಹೇಳಬೇಕು. ಇಪ್ಪತ್ತು ಹಸುಗಳಿರುವವನಿಗೆ ಐದು ಮಲಗಿದರೆ ಉಳಿದ ಹದಿನೈದು ಅವನನ್ನು ಸಾಕುತ್ತವೆ. ಒಂದೇ ಹಸುವಿನ ಒಡತಿಯಾದ ಭೂಹೀನಳಿಗೆ ಆ ಒಂದು ಮಲಗಿದರೆ ಆದಾಯವು ಪೂರ್ತಿ ನಿಂತು ಸಾಲದ ಕಂತು ಮಾತ್ರ ನಿಲ್ಲದೆ ನಡೆಯುತ್ತದೆ. ಇಂಥ ಇಕ್ಕಟ್ಟಿನಲ್ಲಿ ಹಲವರು ಮಾಡುವ ಕೆಲಸವೆಂದರೆ, ಊರಿನಲ್ಲಿ ರೋಗದ ಸುಳಿವು ಕಂಡೊಡನೆ ರಾಸನ್ನು ದಲ್ಲಾಳಿಯ ಕೈಗೆ ಸಿಕ್ಕಿದ ಬೆಲೆಗೆ ದಾಟಿಸಿಬಿಡುವುದು. ಒಬ್ಬನ ಮಟ್ಟಿಗೆ ಇದು ವಿವೇಕವೇ ಹೌದು. ಆದರೆ ಆ ರಾಸಿನೊಡನೆ ವೈರಾಣುವೂ ಮುಂದಿನ ಸಂತೆಗೆ, ಸಂತೆಯಿಂದ ಮುಂದಿನ ತಾಲ್ಲೂಕಿಗೆ ಪಯಣ ಮಾಡುತ್ತದೆ. ಒಬ್ಬನ ನಷ್ಟನಿವಾರಣೆಯು ಹತ್ತು ಮಂದಿಯ ನಷ್ಟಕ್ಕೆ ಬೀಜವಾಗುವ ಈ ಸನ್ನಿವೇಶದಲ್ಲಿ, ರೋಗ ತಡೆಯುವ ಹೊಣೆಯನ್ನು ಬಿಡಿಬಿಡಿ ರೈತರ ಜಾಣತನಕ್ಕೆ ಬಿಟ್ಟು ಕೂರುವುದು ಅರ್ಥಶಾಸ್ತ್ರದ ದೃಷ್ಟಿಯಿಂದಲೇ ಅಸಂಗತ.

ಶ್ರೀಮಂತ ದೇಶಗಳು ಹಿಡಿದಿರುವ ಮಾರ್ಗ ಬೇರೆ. ಕಾಲುಬಾಯಿ ಜ್ವರವಿಲ್ಲವೆಂಬ ಮನ್ನಣೆಯೇ ಅವುಗಳಿಗೆ ರಫ್ತಿನ ರಹದಾರಿಯಾದುದರಿಂದ, ರೋಗ ಕಂಡೊಡನೆ ಹಿಂಡುಗಳನ್ನೇ ವಧಿಸಿ ಆ ಮನ್ನಣೆಯನ್ನು ಕಾಯ್ದುಕೊಳ್ಳುತ್ತವೆ. ಬ್ರಿಟನ್ನಿನಲ್ಲಿ 2001ರಲ್ಲಿ 60 ಲಕ್ಷಕ್ಕೂ ಮೀರಿದ ಪ್ರಾಣಿಗಳು ಹತವಾದುವು. ಪ್ರವಾಸೋದ್ಯಮದ ನಷ್ಟವೂ ಸೇರಿ ಒಟ್ಟು ವೆಚ್ಚವು ಸುಮಾರು 800 ಕೋಟಿ ಪೌಂಡುಗಳಾಯಿತು. 2025ರ ಜನವರಿಯಲ್ಲಿ ಜರ್ಮನಿಯ ಬ್ರಾಂಡನ್‌ಬರ್ಗ್ ಪ್ರಾಂತದ ಒಂದು ಎಮ್ಮೆಹಿಂಡಿನಲ್ಲಿ ರೋಗ ಕಂಡಾಗ, ಹಲವು ದೇಶಗಳು ಅಲ್ಲಿಯ ಮಾಂಸ, ಹಾಲಿನ ಪದಾರ್ಥಗಳಿಗೆ ತತ್‌ಕ್ಷಣ ಬಾಗಿಲು ಹಾಕಿದುವು. ವಧೆಯ ಮಾರ್ಗವು ನಮ್ಮ ಜನರ ಧಾರ್ಮಿಕ ಭಾವನೆಗೂ ಸಣ್ಣ ಹಿಡುವಳಿಯ ಸ್ಥಿತಿಗೂ ಒಗ್ಗದು. ರೋಗವು ನಾಡಿನಲ್ಲೆಲ್ಲ ನೆಲೆಸಿರುವಾಗ ಅದು ಸಾಧ್ಯವೂ ಅಲ್ಲ. ನಮಗೆ ಉಳಿದಿರುವುದು ಲಸಿಕೆಯೊಂದೇ.

ಈ ದಿಕ್ಕಿನಲ್ಲಿ ದೊಡ್ಡ ಪ್ರಯತ್ನವು 2019ರ ಸೆಪ್ಟೆಂಬರಿನಲ್ಲಿ ಮಥುರೆಯಲ್ಲಿ ಉದ್ಘಾಟನೆಯಾದ ರಾಷ್ಟ್ರೀಯ ಜಾನುವಾರು ರೋಗ ನಿಯಂತ್ರಣ ಕಾರ್ಯಕ್ರಮ. ಕಾಲುಬಾಯಿ ಜ್ವರ ಮತ್ತು ಬ್ರೂಸೆಲ್ಲೋಸಿಸ್ ಎರಡಕ್ಕೂ ಸೇರಿ ಐದು ವರ್ಷಕ್ಕೆ 13,343 ಕೋಟಿ ರೂಪಾಯಿಗಳನ್ನು ಇದಕ್ಕಾಗಿ ಗೊತ್ತುಮಾಡಲಾಯಿತು. ರೋಗದ ಒಂದು ವರ್ಷದ ನಷ್ಟವೆಂದು ಹೇಳಲಾಗುವ ಮೊತ್ತಕ್ಕಿಂತಲೂ ಐದು ವರ್ಷಗಳ ತಡೆಯ ವೆಚ್ಚವು ಕಡಿಮೆಯೆಂಬುದನ್ನು ಕಂಡರೆ ಈ ವ್ಯಯದ ಔಚಿತ್ಯಕ್ಕೆ ಬೇರೆ ಸಮರ್ಥನೆ ಬೇಕಿಲ್ಲ. ಹನ್ನೆರಡು ಅಂಕಿಯ ಹಳದಿ ಕಿವಿಯೋಲೆಯನ್ನು ತೊಡಿಸಿ, ಆರಾರು ತಿಂಗಳಿಗೊಮ್ಮೆ ಮನೆಬಾಗಿಲಿಗೇ ಹೋಗಿ ಲಸಿಕೆ ಹಾಕುವ ಪದ್ಧತಿಯು ಕಾಗದದ ಮೇಲೆ ಸಂಪೂರ್ಣ. ವ್ಯವಹಾರದಲ್ಲಿ ತೊಡಕುಗಳುಂಟು. ಲಸಿಕೆಯನ್ನು ಕಾರ್ಖಾನೆಯಿಂದ ಕೊಟ್ಟಿಗೆಯವರೆಗೆ 2ರಿಂದ 8 ಡಿಗ್ರಿ ತಂಪಿನಲ್ಲಿಯೇ ಒಯ್ಯಬೇಕು; ಮಂಜುಗಡ್ಡೆಯ ಪೆಟ್ಟಿಗೆಯು ಬೇಸಗೆಯ ಮಧ್ಯಾಹ್ನ ಬೈಕಿನ ಮೇಲೆ ಎಷ್ಟು ಹೊತ್ತು ತಾಳೀತೆಂಬುದು ಪ್ರತಿಯೊಬ್ಬ ಲಸಿಕೆದಾರನ ಚಿಂತೆ. ಲಸಿಕೆ ಹಾಕಿಸಿದ ಎರಡು ಮೂರು ದಿನ ಹಾಲು ಕೊಂಚ ಇಳಿಯುವುದುಂಟಾದುದರಿಂದ, ಬಟವಾಡೆಯ ವಾರದಲ್ಲಿ ಮನೆಯವರು ಹಸುವನ್ನು ತೋಟಕ್ಕೆ ಹೊಡೆದುಕೊಂಡು ಹೋಗಿ ತಪ್ಪಿಸಿಕೊಳ್ಳುತ್ತಾರೆ. ತುಂಬುಗಬ್ಬದ ಹಸುವಿನ ಹತ್ತಿರ ಸೂಜಿಯನ್ನು ಬರಗೊಡುವುದಿಲ್ಲ. ಅವರ ಅಂಜಿಕೆಯನ್ನು ಮೌಢ್ಯವೆಂದು ಜರೆಯುವುದು ಅನ್ಯಾಯ. ಖಚಿತವಾಗಿ ಹೋಗುವ ಐದಾರು ಲೀಟರ್ ಹಾಲನ್ನೂ, ಬಂದರೂ ಬರಬಹುದಾದ ರೋಗವನ್ನೂ ತೂಗಿ ನೋಡುವ ಸಣ್ಣ ಲೆಕ್ಕವದು. ಆ ಕೆಲವು ದಿನಗಳ ಹಾಲಿನ ಬೆಲೆಯನ್ನು ಸಹಕಾರ ಸಂಘವೇ ತುಂಬಿಕೊಟ್ಟರೆ, ಹಸುವನ್ನು ಮರೆಮಾಡುವ ಅಗತ್ಯವೇ ಬೀಳದು.

ಪರಿಹಾರದ ನೀತಿಯೂ ಇದೇ ರೀತಿಯ ಪುನರ್ವಿಚಾರವನ್ನು ಬೇಡುತ್ತದೆ. ಚರ್ಮಗಂಟು ರೋಗದ ಕಾಲದಲ್ಲಿ ಕರ್ನಾಟಕ ಸರ್ಕಾರವು ಸತ್ತ ಹಸುವಿಗೆ 20,000, ಎತ್ತಿಗೆ 30,000, ಕರುವಿಗೆ 5,000 ರೂಪಾಯಿ ಪರಿಹಾರವನ್ನು ಘೋಷಿಸಿದುದು ಸಕಾಲದಲ್ಲಿ ಒದಗಿದ ಉಪಕಾರವೇ. ಆದರೆ ಮೈತುಂಬ ಗಂಟೆದ್ದು, ಬದುಕಿ ಉಳಿದು, ಆರು ತಿಂಗಳು ಹಾಲು ಕೊಡದ ಹಸುವಿನ ಮನೆಗೆ ಆ ಆದೇಶದಲ್ಲಿ ಸ್ಥಾನವಿರಲಿಲ್ಲ. ಜಾನುವಾರು ವಿಮೆಯೂ ಬಹುಮಟ್ಟಿಗೆ ಸಾವಿಗೆ ಮಾತ್ರ ಸಲ್ಲತಕ್ಕದ್ದು. ಹೀಗೆ ವ್ಯವಸ್ಥೆಯೆಲ್ಲವೂ ಸಾವನ್ನೇ ಅಳೆದು ಸಾವಿಗೇ ಹಣ ಕೊಡುತ್ತಿರುವುದರಿಂದ, ಸಾಯಿಸದೆ ಸವೆಸುವ ಕಾಲುಬಾಯಿ ಜ್ವರದಂಥ ರೋಗವು ಲೆಕ್ಕಪತ್ರದಲ್ಲಿ ಹಗುರವಾಗಿ ಕಂಡು, ಅದನ್ನು ತಡೆಯುವ ಆತುರವೂ ಹಗುರವಾಗುತ್ತದೆ.

ಈ ದೋಷವನ್ನು ತಿದ್ದಲು ಬೇಕಾದ ಸಾಧನವು ಹೊಸದಾಗಿ ಹುಟ್ಟಬೇಕಾಗಿಲ್ಲ. ಪ್ರತಿ ಗ್ರಾಮದ ಡೈರಿಯಲ್ಲಿಯೂ ಯಾವ ಮನೆಯಿಂದ ಯಾವ ಹೊತ್ತು ಎಷ್ಟು ಹಾಲು ಬಂದಿತೆಂಬುದು ಇಂದು ಯಂತ್ರದಲ್ಲಿ ಅಚ್ಚಾಗಿ ಉಳಿಯುತ್ತದೆ. ಪ್ರತಿ ರಾಸಿನ ಕಿವಿಯಲ್ಲಿ ಅದರ ಅಂಕಿ ಇದೆ. ಕೃತಕ ಗರ್ಭಧಾರಣೆಯ ದಿನಾಂಕವು ಪುಸ್ತಕದಲ್ಲಿದೆ. ಯಲಹಂಕದಲ್ಲಿರುವ ರಾಷ್ಟ್ರೀಯ ಪಶುರೋಗ ಸೋಂಕುಶಾಸ್ತ್ರ ಸಂಸ್ಥೆಯು ಯಾವ ಜಿಲ್ಲೆಯಲ್ಲಿ ಯಾವ ರೋಗದ ಸಂಭವವಿದೆಯೆಂದು ಮುಂಗಡವಾಗಿ ತಿಳಿಸುತ್ತಿದೆ. ಬೇರೆ ಬೇರೆ ಇಲಾಖೆಗಳಲ್ಲಿ ಬಿಡಿಬಿಡಿಯಾಗಿ ಬಿದ್ದಿರುವ ಈ ದಾಖಲೆಗಳನ್ನು ಒಂದುಗೂಡಿಸಿದರೆ, ಒಂದು ಊರಿನಲ್ಲಿ ಹಾಲು ಹಠಾತ್ತನೆ ಇಳಿದ ದಿನವೇ ರೋಗದ ಸೂಚನೆ ಸಿಕ್ಕೀತು. ಸುತ್ತಣ ಊರುಗಳಿಗೆ ಲಸಿಕೆ ಮುಂದಾಗಿ ತಲಪೀತು. ಇಳಿದ ಹಾಲಿಗೆ, ತಪ್ಪಿದ ಸೂಲಿಗೆ ತಕ್ಕಷ್ಟು ಪರಿಹಾರ ಕೊಡುವ ವಿಮೆಯೂ ಕಾರ್ಯಸಾಧ್ಯವಾದೀತು. ದೊಡ್ಡರೋಗವನ್ನು ಅಳಿಸಿದ ಪೀಳಿಗೆಗೆ ಸತ್ತ ರಾಸುಗಳ ಎಣಿಕೆಯೇ ಸಾಕಾಗಿತ್ತು, ಏಕೆಂದರೆ ಅವರ ಶತ್ರುವು ಕೊಲ್ಲುವ ಶತ್ರು. ನಮ್ಮ ಕಾಲದ ಶತ್ರುವನ್ನು ಎದುರಿಸಬೇಕಾದರೆ ಬದುಕಿರುವ ಹಸುವಿನ ನಷ್ಟವನ್ನು ಎಣಿಸಲು ಮೊದಲು ಕಲಿಯಬೇಕು. ಆ ಎಣಿಕೆಯು ಆಯವ್ಯಯ ಪತ್ರದಲ್ಲಿ ತನ್ನ ಸಾಲನ್ನು ಪಡೆಯುವ ತನಕ, ಲಸಿಕೆಗೆಂದು ತೆಗೆದಿಟ್ಟ ಹಣವು ಖರ್ಚಾಗಿಯೇ ತೋರುತ್ತಿರುವುದು, ಉಳಿತಾಯವಾಗಿ ತೋರಲಾರದು.